ಐತವಾರದ ಬೋಟಿ

ಸರ್ಜರಿ ಕಲಿಯಲು ಸೇರಿದ ಮೊದಲ ದಿನವೇ ಕೈಗೊಂದು ದಪ್ಪ ಪುಸ್ತಕ ಕೊಡುತ್ತಾರೆ. ಲಾಗ್‌ಬುಕ್ಕು. ಒಂದೊಂದು ಆಪರೇಷನ್ನಿಗೆ ಒಂದೊಂದು ಸಾಲು: ರೋಗಿಯ ಹೆಸರು, ವಯಸ್ಸು, ಊರು, ಏನಾಗಿತ್ತು, ಏನು ಮಾಡಿದರು. ಸಾಲಿನ ಕೊನೆಗೆ ಮೂರು ಮನೆಗಳು. ನೋಡಿದ್ದು, ಕೈಜೋಡಿಸಿದ್ದು, ಸ್ವಂತ ಮಾಡಿದ್ದು. ಮೂರು ವರ್ಷಗಳಲ್ಲಿ ನಮ್ಮ ಗುರುತು ಮೊದಲನೇ ಮನೆಯಿಂದ ಮೂರನೆಯದಕ್ಕೆ ಸರಿಯುತ್ತ ಹೋಗಬೇಕು. ಸರ್ಜನ್ ಆಗುವುದೆಂದರೆ ಅಷ್ಟೇ.

ಮೊದಲ ವರ್ಷವೆಲ್ಲ ನಾನು ಹೊಟ್ಟೆಯ ಅಂಚನ್ನು ಕೊಕ್ಕೆಯಿಂದ ಎಳೆದು ಹಿಡಿದು ನಿಂತೆ. ಒಳಗೆ ಏನು ನಡೆಯುತ್ತಿದೆ ಎಂದು ಕತ್ತು ಚಾಚಿದರೆ ಪ್ರೊಫೆಸರರ ತಲೆ ಅಡ್ಡ ಬರುತ್ತಿತ್ತು. ವರ್ಷದ ಕೊನೆಗೆ ಎರಡು ಹರ್ನಿಯಾ ನನ್ನ ಕೈಗೆ ಸಿಕ್ಕವು. ಒಂದೊಂದು ಹೊಲಿಗೆಗೂ ಬೈಸಿಕೊಳ್ಳುತ್ತ ಮುಗಿಸಿದೆ, ಹೊರಗೆ ಬಂದು ಒಬ್ಬಳೇ ನಕ್ಕೆ. ಇನ್ನು ಶುರುವಾಯಿತು ಅಂದುಕೊಂಡೆ.

ಶುರುವಾದದ್ದು ಕೊರೊನಾ. ತುರ್ತು ಕೇಸು ಬಿಟ್ಟು ಉಳಿದ ಆಪರೇಷನ್ನುಗಳೆಲ್ಲ ನಿಂತವು. ನಮ್ಮ ವಾರ್ಡಿನ ಮಂಚಗಳಿಗೆ ಆಕ್ಸಿಜನ್ ಬಂತು, ನಮಗೆ ಬಿಳಿ ಪ್ಲಾಸ್ಟಿಕ್ ಅಂಗಿ ಬಂತು. ಚಾಕು ಹಿಡಿಯಲು ಬಂದವರು ಜನರ ಮೂಗಿಗೆ ಕಡ್ಡಿ ಹಾಕುತ್ತ ನಿಂತೆವು. ಕೆಲವು ತಿಂಗಳಾದ ಮೇಲೆ ನಮ್ಮನ್ನು ಸಣ್ಣ ಊರುಗಳ ಆಸ್ಪತ್ರೆಗಳಿಗೆ ಹಂಚಿದರು. ನನ್ನ ಊರು ಗಡಿ ಕಡೆಯ ಕಂಗ್ಟಿ ಹತ್ತಿರ ಎಂದು ನೋಡಿ, “ನಿನಗೆ ಆ ಕಡೆಯ ಕನ್ನಡ ಬರುತ್ತದಲ್ಲ” ಎಂದು ತಾಂಡೂರಿಗೆ ಹಾಕಿದರು. ಕಂಗ್ಟಿಯಿಂದ ನಾರಾಯಣಖೇಡ, ಅಲ್ಲಿಂದ ಜಹೀರಾಬಾದು, ಅಲ್ಲಿಂದ ಮತ್ತೊಂದು ಬಸ್ಸು ಹಿಡಿದರೆ ತಾಂಡೂರು. ಅವರ ನಕಾಶೆಯಲ್ಲಿ ಅದೆಲ್ಲ ಒಂದೇ ಕಡೆ. ಮೂರು ತಿಂಗಳಿಗೆಂದು ಹೋದವಳು ವರ್ಷದ ಮೇಲೆ ಅಲ್ಲೇ ಉಳಿದೆ. ಕರೆಯುತ್ತೇವೆ ಅಂದರು, ಕರೆಯಲಿಲ್ಲ.

ಆಸ್ಪತ್ರೆಯ ಹಿಂದೆ ನನಗೊಂದು ಕೋಣೆ ಕೊಟ್ಟಿದ್ದರು. ಕಿಟಕಿ ತೆರೆದರೆ ಕಲ್ಲು ಪಾಲಿಶ್ ಮಾಡುವವರ ಬಿಳಿ ಧೂಳು ಹಾಸಿಗೆ ಮೇಲೆ ಕೂರುತ್ತಿತ್ತು, ಮುಚ್ಚಿದರೆ ಉಸಿರುಗಟ್ಟುತ್ತಿತ್ತು. ಊಟದ ಪಾರ್ಸೆಲ್ ತರುವಾತ ಅದನ್ನು ಹೊಸ್ತಿಲ ಹೊರಗಿಟ್ಟು ಬಾಗಿಲು ಬಡಿದು, ನಾನು ಚಿಲಕ ತೆಗೆಯುವಷ್ಟರಲ್ಲಿ ಗೇಟು ದಾಟಿರುತ್ತಿದ್ದ. ಅವನ ಮುಖ ನನಗೆ ಇವತ್ತಿಗೂ ಗೊತ್ತಿಲ್ಲ, ಬೆನ್ನು ಗೊತ್ತು. ಆಸ್ಪತ್ರೆಯಲ್ಲಿ ಸರ್ಜನ್ ಅಂತ ಒಬ್ಬ ಹಿರಿಯರಿದ್ದರು. ನಿವೃತ್ತಿಗೆ ಹತ್ತಿರದವರು, ಸಕ್ಕರೆ ಕಾಯಿಲೆಯವರು, ಅವರನ್ನು ರೋಗಿಗಳಿಂದ ಆದಷ್ಟು ದೂರವೇ ಇಟ್ಟಿದ್ದರು. ಥಿಯೇಟರು ತೆರೆಯುತ್ತಿದ್ದದ್ದು ಹೆರಿಗೆಗೆ ಮಾತ್ರ. ನನ್ನ ಕೆಲಸ ಜ್ವರದ ವಾರ್ಡು. ಅಲ್ಲಿ ಎಲ್ಲರೂ ಮಲಗಿರುತ್ತಿದ್ದರು, ಯಾರೂ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ನನ್ನ ಬೆರಳುಗಳು ಗಂಟು ಹಾಕುವುದನ್ನು ಮರೆಯುತ್ತಿವೆ ಅನಿಸಿ ಅಳು ಬರುತ್ತಿತ್ತು.

ನಮ್ಮದು ಕುರಿ ಸಾಕುವ ಮನೆ. ತಾಯಿಯ ತಮ್ಮ, ನನ್ನ ಸೋದರಮಾವ, ಈಗಲೂ ಕುರಿ ಹಿಂದೆಯೇ ಇದ್ದಾರೆ. ನಾನು ಡಾಕ್ಟರ್ ಆದದ್ದಕ್ಕೆ ಮನೆಯಲ್ಲಿ ಅತಿ ಹೆಚ್ಚು ಕೊಚ್ಚಿಕೊಂಡವರು ಅವರೇ. ಕೊರೊನಾಕ್ಕೆ ಮುಂಚಿನ ಸಂಕ್ರಾಂತಿಗೆ ಊರಿಗೆ ಹೋದಾಗ ನನ್ನನ್ನು ಕಣದ ಆಚೆ ಕರೆದುಕೊಂಡು ಹೋಗಿ, ನಾಚಿಕೊಳ್ಳುತ್ತ, ತೊಡೆಸಂದಿಯ ಉಬ್ಬು ಹೇಳಿದರು. ಕೆಮ್ಮಿದರೆ ಬರುತ್ತದೆ, ಮಲಗಿದರೆ ಹೋಗುತ್ತದೆ. ಹರ್ನಿಯಾ.

“ಆಪರೇಷನ್ ಮಾಡಬೇಕು ಮಾಮಾ. ಬೇಸಿಗಿಗಿ ಬರ್ರಿ, ನಮ್ಮ ಯೂನಿಟ್‌ನಾಗೇ ಮಾಡಿಸ್ತೀನಿ,” ಅಂದೆ.

“ನೀನೇ ಮಾಡ್ತೀಯೇನು?”

“ಆವಾಗಿನ ತನಕ ನಾನೇ ಮಾಡ್ತೀನಿ ಬಿಡ್ರಿ,” ಅಂದೆ, ದೊಡ್ಡ ಬಾಯಿ ಮಾಡಿ.

ಬೇಸಿಗೆ ಬಂದಾಗ ಎಲ್ಲ ಬಂದ್ ಆಗಿತ್ತು. ಫೋನಿನಲ್ಲಿ ಕೇಳಿದರು. “ಅರ್ಜೆಂಟಿಲ್ಲ ಮಾಮಾ, ತಡೀರಿ,” ಅಂದೆ. ಮಳೆಗಾಲದಲ್ಲಿ ಮತ್ತೆ ಕೇಳಿದರು. ಮತ್ತೆ ತಡೆಯಲು ಹೇಳಿದೆ. ಮೂರನೇ ಸಲ ಅವರು ಕೇಳಲಿಲ್ಲ. ನಾನೂ ವಿಚಾರಿಸಲಿಲ್ಲ, ಅದು ನನ್ನ ತಪ್ಪು.

ದಸರೆಯ ಹೊತ್ತಿಗೆ ಕಾಲೇಜಿನ ಗುಂಪಿನಲ್ಲಿ ಮೆಸೇಜು ಬಂತು: ಎಲ್ಲರೂ ಆರು ತಿಂಗಳ ಲಾಗ್‌ಬುಕ್ಕು ಕಳಿಸಿ. ಆರು ತಿಂಗಳಲ್ಲಿ ನಾನು ಮಾಡಿದ್ದು ಎರಡು ಕೀವುಗಡ್ಡೆ ಕೊಯ್ದದ್ದು. ಒಬ್ಬ ಸೀನಿಯರಿಗೆ ಫೋನ್ ಮಾಡಿದೆ. “ಎಲ್ಲರದೂ ಖಾಲಿಯೇ. ತುಂಬಿಸಿ ಕಳಿಸು, ಯಾರು ಹೋಗಿ ಹೊಟ್ಟೆ ತೆರೆದು ನೋಡುತ್ತಾರೆ,” ಅಂದರು. ಖಾಲಿ ಕಳಿಸಿದರೆ ಒಂದು ವರ್ಷ ಹೆಚ್ಚು ಓದಬೇಕಾದೀತು ಎಂಬ ಗಾಳಿಸುದ್ದಿಯೂ ಇತ್ತು. ಧೈರ್ಯ ನನಗೂ ಇರಲಿಲ್ಲ.

ಒಂದು ಐತವಾರ ಮಧ್ಯಾಹ್ನ ಕೂತು ತುಂಬಿಸಿದೆ. ಆಪರೇಷನ್ ಕಲ್ಪಿಸುವುದು ಸುಲಭ, ಹೆಸರು ಕಲ್ಪಿಸುವುದು ಕಷ್ಟ. ಬರೆದ ಹೆಸರೆಲ್ಲ ಸುಳ್ಳು ಹೆಸರಿನಂತೆಯೇ ಕಾಣುತ್ತಿತ್ತು. ಬೇಸತ್ತು ನಮ್ಮ ಊರಿನವರ ಹೆಸರು ಬರೆಯತೊಡಗಿದೆ. ಆಮೇಲೆ ಕೈ ತಾನೇ ಓಡಿತು. ಮಾಮನ ಹೆಂಡತಿ, ನಮ್ಮ ಅತ್ತೆ, ಊಟವಾದ ಮೇಲೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು; ಅವರಿಗೆ ಪಿತ್ತಕೋಶದ ಕಲ್ಲು ಕೊಟ್ಟೆ. ಕಿರಾಣಿ ಅಂಗಡಿಯವರ ಬೆನ್ನಿಗೊಂದು ಕೊಬ್ಬಿನ ಗಡ್ಡೆ. ಲೆಕ್ಕ ಕಲಿಸಿದ ಮಾಸ್ತರರಿಗೆ ಮೂಲವ್ಯಾಧಿ, ಅದು ಹಳೆಯ ಸೇಡು. ಒಂಬತ್ತು ತಿಂಗಳಿಂದ ಊರು ನೋಡಿರಲಿಲ್ಲ. ಆ ಮಧ್ಯಾಹ್ನ ಮನೆಮನೆಗೆ ಹೋಗಿ ಎಲ್ಲರ ಹೊಟ್ಟೆ ಮುಟ್ಟಿ, ಮಾತಾಡಿಸಿ ಬಂದಂತಾಯಿತು. ಅಷ್ಟು ಸಂತೋಷ ನನಗೆ ಆ ಕೋಣೆಯಲ್ಲಿ ಯಾವತ್ತೂ ಆಗಿರಲಿಲ್ಲ. ಒಬ್ಬರನ್ನೂ ಸಾಯಿಸಲಿಲ್ಲ, ಯಾರ ಗಾಯಕ್ಕೂ ಕೀವು ಬರಿಸಲಿಲ್ಲ.

ಮಾಮನ ಸಾಲಿಗೆ ಬಂದಾಗ ಕಲ್ಪಿಸುವುದೇನೂ ಇರಲಿಲ್ಲ. ಬಲಗಡೆಯ ಹರ್ನಿಯಾ. ಆಪರೇಷನ್ ಆಯಿತು. ಮೂರನೇ ದಿನ ಮನೆಗೆ ಹೋದರು. ಕೊನೆಯ ಮನೆಯಲ್ಲಿ ಗುರುತು ಹಾಕಿದೆ: ಸ್ವಂತ ಮಾಡಿದ್ದು. ಹಾಕುವಾಗ ಒಂದು ಗಳಿಗೆ ಪೆನ್ನು ನಿಂತಿತು. ಆದರೂ ಹಾಕಿದೆ.

ದೀಪಾವಳಿ ಮುಗಿದ ಹೊಸತು. ಸುಗ್ಗಿಯಾದ ಹೊಲಗಳಲ್ಲಿ ಕುರಿ ತರುಬಲು ಮಾಮ ಹಿಂಡು ಹೊಡೆದುಕೊಂಡು ಪೆದ್ದೆಮುಲ್ ಕಡೆ ಬಂದಿದ್ದರು. ಕುರಿ ಹೊಲದಲ್ಲಿ ಮಲಗಿ ಗೊಬ್ಬರ ಹಾಕಿದರೆ ಹೊಲದವರು ಜೋಳ ಕೊಡುತ್ತಾರೆ. ಪ್ರತಿ ವರ್ಷ ಅವರು ಬರುವ ದಾರಿ ಅದು. ನಾನಿರುವ ಊರಿಗೆ ಇಷ್ಟು ಹತ್ತಿರ ಬಂದಿದ್ದಾರೆಂದು ನನಗೆ ತಿಳಿದದ್ದು ಬೆಳಗಿನ ಎಂಟು ಗಂಟೆಗೆ, ಅವರನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕಂಬಳಿ ಹೊದಿಸಿ ತಂದು ಮಲಗಿಸಿದ ಮೇಲೆ. ಮುಖ ಇಳಿದುಹೋಗಿತ್ತು. ಹಿಂದಿನ ಮಧ್ಯಾಹ್ನ ಉಬ್ಬು ಬಂದದ್ದು ಒಳಗೆ ಹೋಗಿಲ್ಲ, ಆಮೇಲೆ ವಾಂತಿ, ಆಮೇಲೆ ನೋವು. ನಾನು ಮುಟ್ಟಿ ನೋಡಿದೆ. ಕಲ್ಲಿನಷ್ಟು ಗಟ್ಟಿ, ಮೇಲಿನ ಚರ್ಮ ಕೆಂಪು. ಒಳಗೆ ಸಿಕ್ಕಿಕೊಂಡ ಕರುಳಿಗೆ ರಕ್ತ ಹೋಗುತ್ತಿಲ್ಲ. ಎಂಟು ಹತ್ತು ತಾಸಿನಲ್ಲಿ ಅಂಥ ಕರುಳು ಸತ್ತುಹೋಗುತ್ತದೆ. ಆಗಲೇ ಹದಿನೆಂಟು ತಾಸಾಗಿತ್ತು.

ಹಿರಿಯ ಸರ್ಜನ್ನರು ಜ್ವರ ಬಂದು ಮನೆಯಲ್ಲಿ ಬೇರೆ ಕೋಣೆಯಲ್ಲಿದ್ದರು. ಆಂಬುಲೆನ್ಸು ಉಸಿರು ಕಟ್ಟಿದ ಒಬ್ಬರನ್ನು ನಗರಕ್ಕೆ ಒಯ್ದಿತ್ತು, ಬರುವುದು ಮಧ್ಯಾಹ್ನ. ಫೋನ್ ಮಾಡಿದೆ. ಹಿರಿಯರು ಕೆಮ್ಮುತ್ತ ಅಂದರು: “ಮಧ್ಯಾಹ್ನದ ತನಕ ಕಾದರೆ ಉಳಿಯೋದಿಲ್ಲ. ನೀನೇ ತೆರಿ. ಕರುಳು ಕಪ್ಪಾಗಿದ್ದರೆ ಆ ಭಾಗ ಕೊಯ್ದು ತೆಗಿ. ಜೋಡಿಸಲಿಕ್ಕೆ ಹೋಗಬ್ಯಾಡ. ನೀ ಜೋಡಿಸಿದ್ದು ಒಳಗ ಸೋರಿದರೆ ಮುಗೀತು. ಎರಡೂ ಬಾಯಿ ಹೊಟ್ಟೆ ಮ್ಯಾಲೆ ತಂದು ಹೊಲಿ. ಮೊದಲು ಬದುಕಲಿ.”

ಅನಸ್ತೀಸಿಯಾ ಕೊಡುವ ಮೇಡಂ ಸೇಡಂ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಕೈ ತೊಳೆಯುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತರು.

“ಇಂಥವು ಎಷ್ಟು ಮಾಡೀರಿ ಡಾಕ್ಟರ್?”

ಪುಸ್ತಕದಲ್ಲಿ ಹನ್ನೊಂದು ಇದ್ದವು. ನೀರು ಹರಿಯುತ್ತಲೇ ಇತ್ತು.

“ಎರಡು ಮೇಡಂ. ಅವೂ ಸಾದಾ. ಕರುಳು ಸಿಕ್ಕೊಂಡಿದ್ದು ಒಂದೂ ಇಲ್ಲ.”

ಅವರು ನನ್ನ ಮುಖ ನೋಡಿದರು. ಬೈಯುತ್ತಾರೆ ಅಂದುಕೊಂಡೆ.

“ಹಂಗಾರ ಇದು ಮೂರನೇದು. ನಡೀರಿ,” ಅಂದರು.

ಗಂಟಲಿಗೆ ಪೈಪು ಹಾಕಿದರೆ ರೋಗ ಹರಡೀತೆಂಬ ಕಾಲ ಅದು. ಆದ್ದರಿಂದ ಬೆನ್ನಿಗೆ ಸೂಜಿ ಕೊಟ್ಟರು. ಎದೆಗೂಡಿನ ಕೆಳಗೆ ಸ್ಪರ್ಶವಿಲ್ಲ, ಮೇಲೆ ಮಾಮ ಪೂರ್ತಿ ಎಚ್ಚರ. ಎದೆಯ ಹತ್ತಿರ ಹಸಿರು ಬಟ್ಟೆಯ ಪರದೆ. ಆಚೆ ಅವರು, ಈಚೆ ನಾನು. ಕೊಕ್ಕೆ ಹಿಡಿಯಲು ಒಬ್ಬ ನರ್ಸು. ಎದುರಿಗೆ ಗದರುವವರು ಯಾರೂ ಇರಲಿಲ್ಲ. ಬೈಗುಳಕ್ಕಾಗಿ ನಾನು ಅಷ್ಟು ಹಂಬಲಿಸಿದ್ದು ಅದೊಂದೇ ಸಲ.

“ಯವ್ವಾ, ಏನ್ ಕಾಣ್ತದ?” ಪರದೆಯ ಆಚೆಯಿಂದ ಮಾಮ.

“ಕರುಳ, ಮಾಮಾ.”

“ಕುರಿದು ಇದ್ದಂಗೇ ಇರ್ತದೇನು?”

“ಹಂಗೇ ಇರ್ತದ.”

ಗೇಣುದ್ದ ಕರುಳು ಕಪ್ಪಾಗಿತ್ತು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಗಡಿಯಾರ ನೋಡುತ್ತ ಹತ್ತು ನಿಮಿಷ ಕಾದೆ. ಕೆಲವೊಮ್ಮೆ ಜೀವ ಬಂದು ಕೆಂಪಾಗುತ್ತದೆ. ಬಟ್ಟೆ ತೆಗೆದೆ. ಕಪ್ಪೇ. ಕೊಯ್ದೆ. ಉಳಿದ ಎರಡು ತುದಿಗಳು ಕೈಯಲ್ಲಿದ್ದವು, ಆರೋಗ್ಯವಾಗಿ, ರಕ್ತ ಜಿನುಗುತ್ತ. ಕಲಿತವರಾಗಿದ್ದರೆ ಅವನ್ನು ಅಲ್ಲೇ ಕೂಡಿಸಿ ಹೊಲಿದು ಹೊಟ್ಟೆ ಮುಚ್ಚುತ್ತಿದ್ದರು. ನಾನು ಕಲಿತಿರಲಿಲ್ಲ. ಎರಡೂ ಬಾಯಿಗಳನ್ನು ಹೊರಗೆ ತಂದು ಹೊಟ್ಟೆಯ ಚರ್ಮಕ್ಕೆ ಹೊಲಿದೆ. ಅದರ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಅಂಟಿಸಿದೆ. ಇನ್ನು ಮುಂದೆ ಅವರು ತಿಂದದ್ದು ಅಲ್ಲಿಗೇ ಬರಬೇಕು, ಯಾರಾದರೂ ಮತ್ತೆ ಕೂಡಿಸುವ ತನಕ.

ಮಾಮ ಬದುಕಿದರು. ಎರಡು ವಾರಕ್ಕೆ ಹಿರಿಯ ಸರ್ಜನ್ನರೂ ಎದ್ದು ಬಂದರು, ಗಾಯ ನೋಡಿದರು, “ಸರಿ ಮಾಡೀದಿ,” ಅಂದರು. ಹೊರಗೆ ಬಂದ ಮೇಲೆ ನಾನೇ ಬಾಯಿ ಬಿಟ್ಟು ಕೇಳಿದೆ: ನೀವಾಗಿದ್ದರೆ? ಅವರು ಸುಳ್ಳು ಹೇಳುವವರಲ್ಲ. “ನಾನಾಗಿದ್ದರೆ ಜೋಡಿಸ್ತಿದ್ದೆ,” ಅಂದರು. ಅವತ್ತು ಪಾರ್ಸೆಲ್ ಊಟ ಹೊಸ್ತಿಲಲ್ಲೇ ಉಳಿಯಿತು.

ಮಾಮ ಊರಿಗೆ ಹೋದರು. ಹಿಂಡನ್ನು ಜೊತೆಗಾರನಿಗೆ ಒಪ್ಪಿಸಿದರು. ಕುರಿ ಹಿಂದೆ ದಿನವೆಲ್ಲ ನಡೆಯುವವರಿಗೆ ಹೊಟ್ಟೆಯ ಮೇಲಿನ ಚೀಲ ಎಂಥ ಶಿಕ್ಷೆಯೆಂದು ಫೋನಿನಲ್ಲಿ ಅತ್ತೆ ಹೇಳುತ್ತಿದ್ದರು, ಮಾಮ ಹೇಳುತ್ತಿರಲಿಲ್ಲ. ಸೋರಿದ ಕಡೆ ಚರ್ಮ ಸುಟ್ಟಂತೆ ಉರಿಯುತ್ತದೆ. ವಾಸನೆ ಬಂದೀತೆಂದು ಯಾರ ಮದುವೆಗೂ ಹೋಗುವುದಿಲ್ಲ, ಪಂಕ್ತಿಯಲ್ಲಿ ಕೂರುವುದಿಲ್ಲ, ತಾಟು ತೆಗೆದುಕೊಂಡು ಕೊಟ್ಟಿಗೆ ಕಡೆ ಹೋಗುತ್ತಾರೆ. ಅಷ್ಟಾದರೂ ಮಾತಾಡಿಸಿದವರಿಗೆಲ್ಲ ನನ್ನ ಹೊಗಳಿಕೆ: ನಮ್ಮ ಹುಡುಗಿ ಒಬ್ಬಾಕೀನೇ ಹೊಟ್ಟಿ ತೆರದು ಜೀವಾ ಉಳಿಸ್ಯಾಳ! ಬೈದಿದ್ದರೆ ಹಗುರಾಗುತ್ತಿತ್ತು. ಹೊಗಳಿಕೆ ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಸೀನಿಯರಿಗೆ ಮತ್ತೆ ಫೋನ್ ಮಾಡಿದೆ. ಮಾಮನ ಹಳೆಯ ಸಾಲು ಹೊಡೆದು ಹಾಕಿ ನಿಜವಾದದ್ದನ್ನು ಬರೆಯುತ್ತೇನೆ ಅಂದೆ. “ಹುಚ್ಚೇನು? ಅದು ಕಳಿಸಿ ಸಹಿಯಾಗಿ ಬಂದಿದೆ. ಒಂದು ಹೊಡೆದರೆ ಉಳಿದವನ್ನೂ ಕೇಳುತ್ತಾರೆ. ನಿನ್ನದೊಂದೇ ಅಲ್ಲ, ಎಲ್ಲರದೂ ಬಯಲಾಗುತ್ತದೆ,” ಅಂದರು. ಹಳೆಯ ಸಾಲನ್ನು ಹಾಗೇ ಬಿಟ್ಟೆ; ವಾಸಿಯಾಯಿತೆಂದು ಬರೆದ ಅದೇ ಹರ್ನಿಯಾವನ್ನು ಅದೇ ಹೆಸರಿನಲ್ಲಿ ಇನ್ನೊಮ್ಮೆ ಬರೆಯುವಂತಿರಲಿಲ್ಲ. ಹೀಗೆ ನನ್ನ ಜೀವನದಲ್ಲಿ ಒಬ್ಬಳೇ ನಿಂತು ಮಾಡಿದ ಮೊದಲ ದೊಡ್ಡ ಆಪರೇಷನ್ನಿಗೆ ಆ ಪುಸ್ತಕದಲ್ಲಿ ಜಾಗವೇ ಸಿಗಲಿಲ್ಲ. ಇವತ್ತಿಗೂ ಅದರಲ್ಲಿಲ್ಲ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಒಬ್ಬರ ಹೊರತು.

ಮೂರು ತಿಂಗಳಾದ ಮೇಲೆ ಕರುಳು ಕೂಡಿಸಬಹುದಿತ್ತು. ಹಿರಿಯರು ತಾವೇ ಮಾಡುತ್ತೇನೆ, ಕರೆಸು ಅಂದರು. ಆಗ ಬಸ್ಸುಗಳು ಓಡುತ್ತಿದ್ದವು. ಮಾಮ ಬಂದರು, ಆಸ್ಪತ್ರೆ ಅಂಗಳದ ಬೇವಿನ ಮರದ ಕೆಳಗೆ ಕೂತರು, ವಿಷಯ ಕೇಳಿದರು.

“ಸಾಹೇಬ್ರು ಯಾಕ ಮಾಡ್ಬೇಕು? ನೀ ಮಾಡು.”

“ನಂಗ ಬರಂಗಿಲ್ಲ ಮಾಮಾ.”

“ಕಲಿ. ನಾ ತಡೀತೀನಿ.”

ನನಗೆ ಸಿಟ್ಟು ಬಂತು. ಇವರಿಗೆ ತಿಳಿಯುವುದೇ ಇಲ್ಲವಲ್ಲ ಎಂಬ ಸಿಟ್ಟು. ಆ ಸಿಟ್ಟಿನಲ್ಲೇ ಎಲ್ಲ ಹೇಳಿಬಿಟ್ಟೆ. ಅರ್ಜೆಂಟಿಲ್ಲ ಎಂದು ತಡೆಸಿದ್ದು ನಾನು, ತಡೆಸಿ ವಿಚಾರಿಸದೇ ಬಿಟ್ಟವಳು ನಾನು, ಅಷ್ಟರಲ್ಲೇ ಅವರ ಹೆಸರಿನಲ್ಲಿ ಸುಳ್ಳು ಆಪರೇಷನ್ ಬರೆದವಳೂ ನಾನು. ಮಾಸ್ಕಿನ ಒಳಗೆ ಮೂಗು ಸೋರುತ್ತಿತ್ತು.

ಮಾಮ ಚೀಲದ ಅಂಚು ಸರಿಮಾಡಿಕೊಂಡರು. ಆಮೇಲೆ ಕೇಳಿದರು, “ಆ ಬುಕ್ಕಿನಾಗ ನಾ ಬದುಕೀನೇನು?”

“ಬದುಕೀರಿ. ಮೂರು ದಿನಕ್ಕ ಮನೀಗಿ ಹೋಗೀರಿ.”

“ಹಂಗಾರ ಆ ಬುಕ್ಕಿನಾಗಿನ ಡಾಕ್ಟರ್ ಛಲೋ ಅದಾಳ ಬಿಡು,” ಎಂದು ನಕ್ಕರು. ನಕ್ಕರೆ ಚೀಲ ಅಲುಗುತ್ತದೆಂದು ಅದರ ಮೇಲೆ ಕೈಯಿಟ್ಟುಕೊಂಡು ನಕ್ಕರು.

ನಾನು ನಗಲಿಲ್ಲ. ಅವರು ಮಾತು ಕುರಿಯ ಕಡೆ ತಿರುಗಿಸಿದರು. ನಮ್ಮ ಮನೆಗಳಲ್ಲಿ ಉಣ್ಣೆ ಕತ್ತರಿಸಲು ಕಲಿಯುವ ಪದ್ಧತಿ ನನಗೂ ಗೊತ್ತಿತ್ತು, ಆದರೆ ಅದನ್ನು ಇಲ್ಲಿಗೆ ತಂದು ನೋಡಿರಲಿಲ್ಲ. ಕತ್ತರಿ ಹೊಸದಾಗಿ ಹಿಡಿದವರ ಕೈಗೆ ಬೇರೆಯವರ ಕುರಿ ಕೊಡುವುದಿಲ್ಲ. ಚರ್ಮ ಕೊಯ್ಯುತ್ತದೆ ಅಂತ ಗೊತ್ತಿರುವುದರಿಂದ ಸ್ವಂತ ಹಿಂಡಿನದನ್ನೇ ಕೊಡುತ್ತಾರೆ. ಅದರಲ್ಲೂ ಮುದಿಯದು, ರೋಗದ್ದು ಕೊಡುವುದಿಲ್ಲ, ಒಳ್ಳೆಯದನ್ನೇ ಕೊಡುತ್ತಾರೆ. ಹಾಳಾದರೂ ನಡೆದೀತು ಅನಿಸಿದರೆ ಕೈ ಎಂದೂ ಕಲಿಯುವುದಿಲ್ಲ.

“ನೀ ಕಲಿಬೇಕಂದ್ರ ಒಂದು ಹೊಟ್ಟಿ ಬೇಕಲ್ಲ,” ಅಂದರು ಮಾಮ. “ಮಂದೀದು ಯಾಕ? ಮನೀದು ಅದ.”

ಏನು ಹೇಳಿದರೂ ಕೇಳಲಿಲ್ಲ. ಹಿರಿಯರು ಗದರಿದರು, ಅದಕ್ಕೂ ಜಗ್ಗಲಿಲ್ಲ. ಕೊನೆಗೆ ಹಿರಿಯರು ನನ್ನ ಕಡೆ ತಿರುಗಿ, “ಕುರಿ ಕರುಳಿನ ಮ್ಯಾಲೆ ಹೊಲಿದು ಕಲಿತಾರ. ಸಿಕ್ಕರ ನೋಡು,” ಅಂದರು. ಸಿಕ್ಕರೆ ಎಂಬ ಮಾತು ಕೇಳಿ ಮಾಮನ ಮುಖ ಅರಳಿತು.

ಬರುವ ಐತವಾರದಿಂದಲೇ ಶುರು. ನಮ್ಮ ಊರಲ್ಲಿ ಐತವಾರ ಕುರಿ ಕೊಯ್ಯುತ್ತಾರೆ. ಅದರ ಕರುಳನ್ನು ಮಾಮ ತಾವೇ ತೊಳೆದು, ಉಪ್ಪು ಹಚ್ಚಿ, ಮಂಜುಗಡ್ಡೆಯಾದ ನೀರಿನ ಬಾಟಲಿ ಜೊತೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಬಿಗಿಯಾಗಿ ಬಟ್ಟೆ ಕಟ್ಟಿ ಬಸ್ಸಿಗೆ ಕೊಡುತ್ತಿದ್ದರು. ನಾರಾಯಣಖೇಡದಲ್ಲಿ ಒಂದು ಕೈ ಬದಲಾಗಿ, ಜಹೀರಾಬಾದಿನಲ್ಲಿ ಮತ್ತೊಂದು ಕೈ ಬದಲಾಗಿ ಸಂಜೆಗೆ ತಾಂಡೂರು ಮುಟ್ಟುತ್ತಿತ್ತು. ಕುರಿ ಕರುಳು ಅಂದರೆ ಬೋಟಿ, ಅದು ನಮ್ಮ ಕಡೆ ಪ್ರಾಣ. ಪಲ್ಯ ಮಾಡಿದರೆ ಬೀದಿಯೆಲ್ಲ ಘಮ್ಮೆನ್ನುತ್ತದೆ. ನಾಲ್ಕನೇ ವಾರಕ್ಕೆ ಕಂಡಕ್ಟರು ಡಬ್ಬಿ ಕೊಡುತ್ತ, “ಏನ್ ಡಾಕ್ಟ್ರಮ್ಮಾ, ಒಬ್ಬಾಕೀನೇ ಇಷ್ಟೂ ಬೋಟಿ ತಿಂತೀರೇನು?” ಎಂದು ಕೇಳಿದ. ಹೌದು ಅಂದೆ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹೆಸರು ಬೋಟಿ ಡಾಕ್ಟ್ರಮ್ಮ ಅಂತ ಆಯಿತು.

ಕೋಣೆಯ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಲಗೆಯಿಟ್ಟು ಕೂರುತ್ತಿದ್ದೆ. ತಾರೀಖು ದಾಟಿದ ಹೊಲಿಗೆ ದಾರವನ್ನು ಥಿಯೇಟರಿನವರು ಕೊಡುತ್ತಿದ್ದರು. ಕರುಳು ಕೊಯ್ದು, ಎರಡು ತುದಿ ಸೇರಿಸಿ, ಸುತ್ತಲೂ ಹೊಲಿಯುವುದು. ಹೊಲಿಗೆ ದೂರವಾದರೆ ಸೋರುತ್ತದೆ, ಒತ್ತಾದರೆ ಅಂಚು ಸತ್ತು ಸೋರುತ್ತದೆ. ಕುರಿಯದು ಮನುಷ್ಯರದಕ್ಕಿಂತ ತೆಳು, ಸೂಜಿ ಚುಚ್ಚಿದಲ್ಲೇ ಹರಿಯುತ್ತಿತ್ತು. ಹೊಲಿದ ಮೇಲೆ ಎರಡೂ ಕಡೆ ಬಿಗಿ ಹಿಡಿದು ಸಿರಿಂಜಿನಿಂದ ನೀಲಿ ಬೆರೆಸಿದ ನೀರು ತುಂಬಬೇಕು. ಮೊದಲ ವಾರ ನೀರು ಚಿಮ್ಮಿ ನನ್ನ ಮುಖಕ್ಕೇ ಹಾರಿತು. ಮುಂದಿನ ವಾರಗಳಲ್ಲಿ ಚಿಮ್ಮುವುದು ಹೋಗಿ ಹರಿಯುವುದಾಯಿತು. ಹಾಳಾದವು ಬೆಕ್ಕಿನ ಪಾಲು. ಇಡೀ ತಾಂಡೂರಿನಲ್ಲಿ ನಾನು ಬರುವುದನ್ನು ಕಾಯುತ್ತಿದ್ದ ಜೀವ ಆ ಬೆಕ್ಕೊಂದೇ.

ಸೋಮವಾರ ಬೆಳಿಗ್ಗೆ ಮಾಮನ ಫೋನು. ಆರೋಗ್ಯವಾ, ಊಟವಾಯಿತಾ, ಏನೂ ಇಲ್ಲ. ಒಂದೇ ಪ್ರಶ್ನೆ.

“ಸೋರ್ತೇನು?”

“ಸೋರ್ತು ಮಾಮಾ.”

“ಆತು. ಬರೋ ಐತವಾರ ಕಳಿಸ್ತೀನಿ.”

ವಾರಕ್ಕೊಮ್ಮೆ ಆ ಅರ್ಧ ನಿಮಿಷಕ್ಕಾಗಿ ನಾನು ಬದುಕುತ್ತಿದ್ದೆ ಅಂದರೆ ಹೆಚ್ಚಾಗದು. ಎರಡನೇ ಅಲೆ ಬಂತು. ಜ್ವರದ ವಾರ್ಡು ತುಂಬಿ ವರಾಂಡಕ್ಕೆ ಬಂತು, ಆರು ವಾರ ಬಸ್ಸೂ ಇಲ್ಲ, ಡಬ್ಬಿಯೂ ಇಲ್ಲ. ಆಗಲೂ ಸೋಮವಾರ ಫೋನು ಬರುತ್ತಿತ್ತು. ಕೇಳಲು ಪ್ರಶ್ನೆ ಇರುತ್ತಿರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಫೋನು ಹಿಡಿದುಕೊಂಡು ಇಡುತ್ತಿದ್ದೆವು.

ಬಸ್ಸು ಮತ್ತೆ ಶುರುವಾದ ಮೇಲೆ ಒಂದು ಐತವಾರ ನೀರು ತುಂಬಿದೆ. ಕರುಳು ಉಬ್ಬಿತು, ಬಿಗಿಯಾಯಿತು, ಹೊಲಿಗೆಯ ಗೆರೆ ಒಣಗಿಯೇ ಇತ್ತು. ಆಮೇಲೆ ಹಿಂಭಾಗದ ಮೂಲೆಯಲ್ಲಿ ಸಾಸಿವೆಯಷ್ಟು ನೀಲಿ ಹನಿ ಮೂಡಿತು. ಒರೆಸಿದೆ. ಮತ್ತೆ ಮೂಡಿತು.

ಮರುದಿನ ಮಾಮನ ದನಿಯಲ್ಲಿ ಸುಸ್ತಿತ್ತು. ಹಿಂದಿನ ದಿನ ಚೀಲ ಬಿಚ್ಚಿಕೊಂಡು ಮೈಮೇಲೆಲ್ಲ ಆಯಿತಂತೆ, ಅತ್ತೆ ಮೊದಲೇ ಹೇಳಿದ್ದರು. ಎಂಟು ತಿಂಗಳಾಗಿತ್ತು. “ಸೋರ್ತೇನು?” ಅಂದರು. ಇಲ್ಲ ಅನ್ನಬಹುದಿತ್ತು. ಒಂದು ಹನಿ. ಕುರಿಯದು ತೆಳು, ಮನುಷ್ಯರದು ದಪ್ಪ, ತಡೆಯುತ್ತದೆ. ಪುಸ್ತಕಕ್ಕೆ ಎಷ್ಟು ಸಲೀಸಾಗಿ ಬರೆದಿದ್ದೆ.

“ಒಂದ್ ಹನಿ ಸೋರ್ತು ಮಾಮಾ.”

“ಆತು,” ಅಂದರು. ಫೋನು ಇಟ್ಟ ಮೇಲೆ ನಾನು ಬಹಳ ಅತ್ತೆ.

ಮುಂದಿನ ವಾರ ಸೋರಲಿಲ್ಲ. ಅದರ ಮುಂದಿನ ವಾರವೂ. ಮೂರನೇ ವಾರದ ಕರುಳನ್ನು ಹಿರಿಯರ ಎದುರಿಗೆ ಹೊಲಿದೆ. ಅವರು ತಾವೇ ನೀರು ತುಂಬಿ, ಹಿಂದೆ ಮುಂದೆ ತಿರುಗಿಸಿ ನೋಡಿ, “ಕರೆಸು,” ಅಂದರು.

ಆಪರೇಷನ್ ದಿನ ಹಿರಿಯರು ಎದುರಿಗೆ ನಿಂತು ಕೊಕ್ಕೆ ಹಿಡಿದರು. ಎರಡೇ ಸಲ ಬಾಯಿಬಿಟ್ಟರು, ಎರಡೂ ಸಲ ಬೈದರು. ಹೊಲಿದು ಮುಗಿಸಿ ಹೊಟ್ಟೆ ಮುಚ್ಚಿದೆ. ಮನುಷ್ಯರ ಹೊಟ್ಟೆಗೆ ನೀಲಿ ನೀರು ತುಂಬಿ ನೋಡಲಾಗುವುದಿಲ್ಲ, ಕಾಯಬೇಕು. ಜೋಡಿಸಿದ್ದು ಬಿಚ್ಚಿಕೊಳ್ಳುವುದಿದ್ದರೆ ನಾಲ್ಕೈದು ದಿನದೊಳಗೆ. ಜ್ವರ ಬರುತ್ತದೆ, ಹೊಟ್ಟೆ ಬಿಗಿಯುತ್ತದೆ. ಸಂಜೆ ಮಾಮನಿಗೆ ಪೂರ್ತಿ ಎಚ್ಚರವಾದಾಗ ಕೇಳಿದ್ದು ಅದೇ ಪ್ರಶ್ನೆ.

“ಸೋರ್ತೇನವ್ವಾ?”

“ಗೊತ್ತಿಲ್ಲ ಮಾಮಾ. ಐದ್ ದಿನ ನೋಡ್ಬೇಕು.”

“ಆತು, ನೋಡೋಣಂತ,” ಎಂದು ಕಣ್ಣು ಮುಚ್ಚಿದರು.

ಆ ಐದು ದಿನ ನಾನು ಯಾರಿಗೂ ಏನೂ ಹೇಳಿಕೊಳ್ಳಲಾಗಲಿಲ್ಲ. ಹೇಳಿಕೊಳ್ಳಲು ನನಗಿದ್ದವರು ಒಬ್ಬರೇ, ಅವರೇ ಮಲಗಿದ್ದರು. ತಾಸಿಗೊಮ್ಮೆ ಹೋಗಿ ಹೊಟ್ಟೆ ಮುಟ್ಟುತ್ತಿದ್ದೆ, ಹಣೆ ಮುಟ್ಟುತ್ತಿದ್ದೆ. ಐದನೇ ದಿನ ಮಧ್ಯಾಹ್ನ, ವಾರ್ಡಿನವರೆಲ್ಲ ಊಟಕ್ಕೆ ಕೂತಿದ್ದಾಗ, ಮಾಮ ಎಲ್ಲರಿಗೂ ಕೇಳುವಂತೆ ಒಂದು ಹೂಸು ಬಿಟ್ಟರು. ಒಂಬತ್ತು ತಿಂಗಳ ಮೇಲೆ, ಬರಬೇಕಾದ ದಾರಿಯಲ್ಲೇ. ಅಕ್ಕಪಕ್ಕದವರು ಮುಖ ತಿರುಗಿಸಿದರು, ಮಾಮ ನಾಚಿ ಕಂಬಳಿ ಎಳೆದುಕೊಂಡರು. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ.

“ಸೋರಿಲ್ಲ ಮಾಮಾ,” ಅಂದೆ.

ಅವರು ಕಂಬಳಿಯಿಂದ ಮುಖ ಹೊರಗೆ ಹಾಕಿ ನನ್ನನ್ನೇ ನೋಡಿದರು. ಆಮೇಲೆ, “ಹಂಗಾರ ಬರೋ ಐತವಾರ ಬೋಟಿ ಬ್ಯಾಡಲ್ಲ? ನಿಮ್ಮತ್ತಿ ಬೋಟಿ ಇಲ್ಲದ ಬಾಯಿ ಕಟ್ಕೊಂಡು ಕುಂತಾಳ,” ಅಂದರು.

ಬಾಗಿಲ ಹತ್ತಿರದ ಮಂಚದಲ್ಲಿ ಯಾಲಾಲ್ ಕಡೆಯ ಒಬ್ಬ ರೈತರು ಹಿಂದಿನ ದಿನವೇ ಬಂದು ಮಲಗಿದ್ದರು. ವರ್ಷದಿಂದ ತಡೆದ ಹರ್ನಿಯಾ, ನಾನೇ ಮಾಡಬೇಕಿತ್ತು. ನನ್ನನ್ನು ಕಂಡಾಗಲೆಲ್ಲ ಎದ್ದು ಕೂರುತ್ತಿದ್ದರು. ಅವರು ನನಗೆ ಮಾಮ ಅಲ್ಲ, ಚಿಕ್ಕಪ್ಪ ಅಲ್ಲ, ಏನೂ ಅಲ್ಲ.

“ಕಳಿಸ್ರಿ ಮಾಮಾ,” ಅಂದೆ.